ಕೋರ್ಸ್ ಆಮೇಲೆ ಕೇಳಿ, ಮೊದಲು ಪರೀಕ್ಷೆಯ ಹೆಸರು ಕೇಳಿ

ಆ ಜಾಹೀರಾತು ತಂದವರು ನಾವೇ. ಮೊದಲು ಅದನ್ನು ಹೇಳಿಬಿಡುತ್ತೇವೆ, ಆಮೇಲೆ ಬೇರೆಯವರನ್ನು ಬೈಯೋಣ.

ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿರುವವರ ಪಾಡು ಓದುಗರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಅಂತ ಬರುವ ದುಡ್ಡಿನಲ್ಲಿ ಬೈಕಿನ ಪೆಟ್ರೋಲೂ ಹುಟ್ಟುವುದಿಲ್ಲ. ಜಾಹೀರಾತು ತಂದರೆ ಕಮಿಷನ್ ಉಂಟು. ಎರಡು ವರ್ಷದ ಹಿಂದೆ ಪಟ್ಟಣದ ಒಂದು ಕಂಪ್ಯೂಟರ್ ಸಂಸ್ಥೆಯ ಜಾಹೀರಾತು ತಂದೆವು. ಕ್ಲೌಡ್ ಕಂಪ್ಯೂಟಿಂಗ್ ಕಲಿಯಿರಿ, ಯಾವ ಪದವಿಯಾದರೂ ಸರಿ, ಯಾವ ವಯಸ್ಸಾದರೂ ಸರಿ, 100% ಉದ್ಯೋಗ ಗ್ಯಾರಂಟಿ. ಎಂಟು ಸಾವಿರದ ಜಾಹೀರಾತು, ನಮ್ಮ ಪಾಲು 1,200 ರೂಪಾಯಿ. ಗ್ಯಾರಂಟಿ ಅಂದರೆ ಏನ್ರೀ ಎಂದು ನಾವು ಕೇಳಲಿಲ್ಲ. ಪಂಚಾಯಿತಿ ಪಿಡಿಒಗೆ ಹತ್ತು ಪ್ರಶ್ನೆ ಕೇಳುವ ನಾವು ಚೆಕ್ ಕೊಡುವವರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ವರ್ಷ ಕಳೆದ ಮೇಲೆ ಹಾವೇರಿ ಬಸ್ ನಿಲ್ದಾಣದಲ್ಲಿ ಒಬ್ಬ ನಮ್ಮನ್ನು ತಡೆದು ನಿಲ್ಲಿಸಿದ. ಪರಿಚಯದ ಹುಡುಗ. ಹುಡುಗ ಅನ್ನುವುದು ನಮ್ಮ ಬಾಯಿ ರೂಢಿ, ವಯಸ್ಸು ಇಪ್ಪತ್ತೊಂಬತ್ತು. ಡಿ.ಎಡ್. ಮಾಡಿ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ.

"ಸರ್, ನಿಮ್ಮ ಪೇಪರ್‌ನ್ಯಾಗ ನೋಡೇ ನಾ ಸೇರಿದ್ದು" ಅಂದ.

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಶಾಲೆ ಬಿಟ್ಟಿದ್ದಾನೆ. ಅವ್ವನ ಬೋರಮಾಳ ಸೊಸೈಟಿಯಲ್ಲಿ ಅಡವಿಟ್ಟು 65,000 ರೂಪಾಯಿ ಕಟ್ಟಿದ್ದಾನೆ. ನಾಲ್ಕು ತಿಂಗಳ ತರಗತಿ ಮುಗಿದ ಮೇಲೆ ಬಣ್ಣದ ಅಂಚಿನ, ಲ್ಯಾಮಿನೇಷನ್ ಮಾಡಿದ ಪ್ರಮಾಣಪತ್ರ ಕೊಟ್ಟರಂತೆ. ಅದನ್ನು ಹಿಡಿದು ಬೆಂಗಳೂರಿಗೆ ಹೋದರೆ ಸಂದರ್ಶನದಲ್ಲಿ ಕೇಳಿದ್ದು ಒಂದೇ ಮಾತು: ಸರ್ಟಿಫಿಕೇಷನ್ ನಂಬರ್ ಏನು? ಇವನು ಸಂಸ್ಥೆಯ ರೋಲ್ ನಂಬರ್ ಹೇಳಿದ. ಅವರು ನಕ್ಕರಂತೆ.

ಆ ನಗುವಿಗೆ ಕಾರಣ ಏನು ಅಂತ ತಿಳಿದುಕೊಳ್ಳಲು ನಮಗೂ ಕೆಲವು ವಾರ ಬೇಕಾಯಿತು. ಡ್ರೈವಿಂಗ್ ಸ್ಕೂಲಿನವರು ನಿಮಗೆ ಕ್ಲಚ್ಚು, ಗೇರು ಕಲಿಸುತ್ತಾರೆ. ಲೈಸೆನ್ಸ್ ಕೊಡುವುದು ಆರ್‌ಟಿಒ. ರಸ್ತೆಯಲ್ಲಿ ಪೊಲೀಸರು ಕೈಯೊಡ್ಡಿದಾಗ ಡ್ರೈವಿಂಗ್ ಸ್ಕೂಲಿನ ರಸೀದಿ ತೋರಿಸಿದರೆ ನಡೆಯುತ್ತದೆಯೇ? ಐಟಿ ಸರ್ಟಿಫಿಕೇಷನ್ ಕೂಡ ಹೀಗೇ. ನೆಟ್‌ವರ್ಕಿಂಗ್‌ನಲ್ಲಿ ಸಿಸಿಎನ್‌ಎ ಅನ್ನುವ ಪರೀಕ್ಷೆಯ ಹಿಂದೆ ಇರುವುದು ಸಿಸ್ಕೊ ಕಂಪನಿ. ಕ್ಲೌಡ್‌ನ ಮೊದಲ ಮೆಟ್ಟಿಲಾದ ಕ್ಲೌಡ್ ಪ್ರಾಕ್ಟಿಷನರ್ ಅಮೆಜಾನ್‌ನ ಎಡಬ್ಲ್ಯೂಎಸ್‌ನದು. ಕಂಪ್ಯೂಟರ್ ರಿಪೇರಿ, ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಹೆಸರಾದ ಎ ಪ್ಲಸ್ ಕಾಂಪ್‌ಟಿಯಾದ್ದು. ಪಾಸಾದವರಿಗೆ ಇವರೇ ನಂಬರ್ ಕೊಡುತ್ತಾರೆ, ಕೆಲಸ ಕೊಡುವವರು ಅದನ್ನು ಆನ್‌ಲೈನಿನಲ್ಲಿ ಪರಿಶೀಲಿಸಬಹುದು. ಪಟ್ಟಣದ ಸಂಸ್ಥೆ ಎಷ್ಟೇ ದಪ್ಪ ಕಾಗದದ ಮೇಲೆ ಛಾಪಿಸಿದರೂ ಅದು ಡ್ರೈವಿಂಗ್ ಸ್ಕೂಲಿನ ರಸೀದಿಯೇ.

ನಮ್ಮ ಡಿ.ಎಡ್. ಹುಡುಗ ಕಟ್ಟಿದ 65,000ದಲ್ಲಿ ಪರೀಕ್ಷೆಯ ಫೀಸು ಸೇರಿರಲೇ ಇಲ್ಲ. ಪರೀಕ್ಷೆ ಅಂತ ಒಂದಿದೆ ಎಂದು ಕೊನೆಯವರೆಗೂ ಯಾರೂ ಅವನಿಗೆ ಹೇಳಿರಲಿಲ್ಲ. ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆಗೆ 100 ಡಾಲರ್. ತೆರಿಗೆ ಸೇರಿ ಹತ್ತು ಸಾವಿರದ ಆಸುಪಾಸು. 65 ಪ್ರಶ್ನೆ, 90 ನಿಮಿಷ, ಸಾವಿರಕ್ಕೆ ಏಳು ನೂರು ಬಂದರೆ ಪಾಸು. ಸಿಸಿಎನ್‌ಎಗೆ 300 ಡಾಲರ್, ತೆರಿಗೆ ಸೇರಿದರೆ ಮೂವತ್ತು ಸಾವಿರದ ಹತ್ತಿರ. ಎರಡರ ಮಾನ್ಯತೆಯೂ ಮೂರು ವರ್ಷ. ಸಿಸಿಎನ್‌ಎ ಬರೆಯಲು ಇಂಥ ಸಂಸ್ಥೆಯಲ್ಲೇ ಕಲಿತಿರಬೇಕು ಅನ್ನುವ ಷರತ್ತಿಲ್ಲ, ಇಂಥ ಪದವಿ ಬೇಕು ಅಂತಲೂ ಇಲ್ಲ. ಹೆಸರು ನೋಂದಾಯಿಸಿ, ಫೀಸು ಕಟ್ಟಿ, ನೇರವಾಗಿ ಪರೀಕ್ಷೆಗೆ ಕೂರಬಹುದು.

ಕಲಿಯುವ ಸಾಮಗ್ರಿ? ಎಡಬ್ಲ್ಯೂಎಸ್‌ನವರ ಸ್ಕಿಲ್ ಬಿಲ್ಡರ್ ತಾಣದಲ್ಲಿ ಆರಂಭದ ಪಾಠಗಳು ಉಚಿತ. ಮೈಕ್ರೋಸಾಫ್ಟ್ ಲರ್ನ್ ಉಚಿತ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಅನ್ನುವ ತಂತ್ರಾಂಶ ಸಿಗುತ್ತದೆ. ರೂಟರ್, ಸ್ವಿಚ್ಚು ಕೈಯಲ್ಲಿಲ್ಲದಿದ್ದರೂ ಪರದೆಯ ಮೇಲೆ ಜೋಡಿಸಿ ಕಲಿಯಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಮೊದಲಾದ ಪಾಠಗಳು ಕನ್ನಡ ಧ್ವನಿಯಲ್ಲೇ ಇವೆ. ಹಾಗಾದರೆ ಆ 65,000 ಯಾವುದಕ್ಕೆ?

ಕಟ್ಟಡದ ಬಾಡಿಗೆಗೆ, ಎಸಿಗೆ, ನಮ್ಮಂಥವರ ಕೈಗೆ ಬರುವ ಜಾಹೀರಾತಿಗೆ. ಮತ್ತೆ ಕೌನ್ಸೆಲರ್ ಸಂಬಳಕ್ಕೆ. ಆ ಕೌನ್ಸೆಲರ್ ಮೇಡಂ ಕತೆಯನ್ನೂ ಹೇಳಬೇಕು. ಸಂಸ್ಥೆಯ ಗೋಡೆಯಲ್ಲಿ "ನಮ್ಮಲ್ಲಿ ಕಲಿತು ಉದ್ಯೋಗ ಪಡೆದವರು" ಅಂತ ಫೋಟೊಗಳ ಸಾಲು ಇತ್ತು. ಎರಡನೇ ಸಾಲಿನಲ್ಲಿ ಆಕೆಯದೇ ಫೋಟೊ! ಕ್ಲೌಡ್ ಕೋರ್ಸ್ ಮಾಡಿದ ಆ ಹೆಣ್ಣುಮಗಳಿಗೆ ಸಿಕ್ಕ ಉದ್ಯೋಗ, ಅದೇ ಕೋರ್ಸಿಗೆ ಜನ ಸೇರಿಸುವುದು. ತಿಂಗಳಿಗೆ ಇಷ್ಟು ಅಡ್ಮಿಷನ್ ಅಂತ ಟಾರ್ಗೆಟ್. ಆಕೆಯ ಮೇಲೆ ನಮಗೆ ಸಿಟ್ಟಿಲ್ಲ. ನಮಗೂ ಟಾರ್ಗೆಟ್ ಇತ್ತಲ್ಲ.

ಗೋಡೆಯ ವಿಷಯ ಬಂತು, ಉಳಿದ ಚೌಕಟ್ಟುಗಳನ್ನೂ ನೋಡಿಬಿಡಿ. "ಸರ್ಕಾರಿ ಮಾನ್ಯತೆ ಪಡೆದ ಸಂಸ್ಥೆ" ಅನ್ನುವ ಬೋರ್ಡಿನ ಕೆಳಗೆ ತೂಗುಹಾಕಿದ್ದು ಉದ್ಯಮ್ ನೋಂದಣಿ ಪತ್ರ. ಸಣ್ಣ ಉದ್ದಿಮೆ ಅಂತ ಹೆಸರು ಬರೆಸಿದರೆ ಬರುವ ಕಾಗದ ಅದು. ಹಿಟ್ಟಿನ ಗಿರಣಿಯವರೂ ಮಾಡಿಸುತ್ತಾರೆ. ಪಕ್ಕದಲ್ಲಿ ಐಎಸ್ಒ 9001. ಅದು ಸಂಸ್ಥೆಯ ಆಡಳಿತದ ವ್ಯವಸ್ಥೆಗೆ ಸಂಬಂಧಪಟ್ಟದ್ದು. ಪಾಠ ಚೆನ್ನಾಗಿದೆ, ಕೆಲಸ ಸಿಗುತ್ತದೆ ಅಂತ ಅದರಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಇನ್ನು ಗ್ಯಾರಂಟಿ. ಜಾಹೀರಾತಿನಲ್ಲಿ ಇದ್ದದ್ದು ಗ್ಯಾರಂಟಿ, ಹುಡುಗ ಸಹಿ ಹಾಕಿದ ಫಾರಂನಲ್ಲಿ ಇರುವುದು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್". ಅಂದರೆ ಸಂದರ್ಶನದ ಸುದ್ದಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇವೆ, ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. "ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸಿಲ್ಲ" ಅನ್ನುವ ಸಾಲು ಕೆಳಗಡೆ ಇರುವೆ ಗಾತ್ರದ ಅಕ್ಷರದಲ್ಲಿತ್ತು, ಅದೂ ಇಂಗ್ಲಿಷಿನಲ್ಲಿ. ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಫೀಸು, ರಿಫಂಡು, ಉದ್ಯೋಗದ ಭರವಸೆ ಬಗ್ಗೆ ಸುಳ್ಳು ಹೇಳುವಂತಿಲ್ಲ. ಷರತ್ತುಗಳನ್ನು ಮುಖ್ಯ ಮಾತಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಇದು ಬಂದ ಮೇಲೂ ನಮ್ಮ ಪಟ್ಟಣಗಳ ಫ್ಲೆಕ್ಸ್‌ನಲ್ಲಿ 100% ಮಾಯವಾಗಿಲ್ಲ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ರಸೀದಿ ಇರಬೇಕು, ಜಾಹೀರಾತಿನ ಫೋಟೊ ಇರಬೇಕು. ಅದಕ್ಕೇ ಹೇಳುವುದು, ಸೇರುವ ದಿನವೇ ಫ್ಲೆಕ್ಸ್ ಮುಂದೆ ನಿಂತು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟು ಬರೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಎಲ್ಲಾ ಉಚಿತ ಐತಿ ಅಂತೀರಿ, ಹಳ್ಳ್ಯಾಗ ಕುಂತು ಇಂಗ್ಲಿಷ್‌ನ್ಯಾಗ ಇರೋದನ್ನ ಹೆಂಗ ಓದಬೇಕ್ರೀ? ಹೇಳಿಕೊಡೋರು ಬ್ಯಾಡೇನು?" ನಿಜ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಯೂಟ್ಯೂಬ್ ತೋರಿಸಿ ಕಲಿತುಕೋ ಅನ್ನುವುದು ದುರಹಂಕಾರ. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಇಂಗ್ಲಿಷ್ ಸುದ್ದಿ ಓದಲು ತಡವರಿಸಿದ ನಮಗೆ ಅದು ಗೊತ್ತು. ಕೂತು ಕನ್ನಡದಲ್ಲಿ ಬಿಡಿಸಿ ಹೇಳುವ, ತಪ್ಪಿದ ಕಡೆ ಕೈಹಿಡಿದು ತೋರಿಸುವ ಮೇಷ್ಟ್ರಿಗೆ ದುಡ್ಡು ಕೊಡಲೇಬೇಕು. ಹಾಗೆ ಕಲಿಸುವವರು ಜಿಲ್ಲೆಯಲ್ಲಿ ಇದ್ದಾರೆ. ಅವರಿಗೆ ಫ್ಲೆಕ್ಸ್ ಹಾಕಿಸುವ ತಾಕತ್ತಿಲ್ಲ, ಅಷ್ಟೇ.

ನಮ್ಮ ಜಗಳ ಮೇಷ್ಟ್ರ ಜೊತೆ ಅಲ್ಲ, ಮುಂಗಡ ಒಟ್ಟು ಹಣದ ಜೊತೆ. ತಿಂಗಳು ತಿಂಗಳು ಕಟ್ಟುತ್ತೇನೆ ಅನ್ನಿ. ಒಪ್ಪದಿದ್ದರೆ ಬೇರೆ ಬಾಗಿಲು ನೋಡಿ. ಡೆಮೊ ಕ್ಲಾಸನ್ನು ನಂಬಬೇಡಿ, ಅದು ಮದುವೆ ಮನೆಯ ಮೊದಲ ಪಂಕ್ತಿಯ ಊಟದ ಹಾಗೆ. ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ವಾರ ಕೂರಲು ಬಿಡಿ ಅಂತ ಕೇಳಿ. ಪಾಠ ಮಾಡುವವರು ಸ್ವತಃ ಆ ಪರೀಕ್ಷೆ ಪಾಸಾಗಿದ್ದಾರೆಯೇ, ನಂಬರ್ ತೋರಿಸುತ್ತಾರೆಯೇ ಕೇಳಿ. ಕೇಳಲು ನಾಚಿಕೆ ಯಾಕೆ, ಎತ್ತು ಕೊಳ್ಳುವಾಗ ಹಲ್ಲು ಎಣಿಸುವುದಿಲ್ಲವೇ? ಪರೀಕ್ಷೆಯ ಕೋಡ್ ಯಾವುದು ಅಂತ ಕೇಳಿ, ಕಂಪನಿಯ ತಾಣದಲ್ಲಿ ತಾಳೆ ನೋಡಿ. ಎ ಪ್ಲಸ್‌ನ 1101, 1102 ಪರೀಕ್ಷೆಗಳು 2025ರಲ್ಲಿ ನಿಂತು 1201, 1202 ಬಂದಿವೆ. ಹಳೆಯ ನೋಟ್ಸ್ ಇಟ್ಟುಕೊಂಡು ಹೊಸ ಫೀಸು ತೆಗೆದುಕೊಳ್ಳುವವರಿಗೆ ಈ ಪ್ರಶ್ನೆಯ ಮುಂದೆ ಮಾತು ತೊದಲುತ್ತದೆ. "ಪ್ರಶ್ನೆಪತ್ರಿಕೆಯನ್ನೇ ಕೊಡ್ತೀವಿ, ಬಾಯಿಪಾಠ ಮಾಡಿದ್ರೆ ಸಾಕು" ಅಂದವರ ಕಡೆ ತಿರುಗಿಯೂ ನೋಡಬೇಡಿ. ಅದಕ್ಕೆ ಡಂಪ್ಸ್ ಅನ್ನುತ್ತಾರೆ. ಸಿಕ್ಕಿಬಿದ್ದರೆ ಸರ್ಟಿಫಿಕೇಷನ್ನೇ ರದ್ದು.

ಇಂಗ್ಲಿಷಿನ ಹೆದರಿಕೆಗೆ ಒಂದು ಚೂರು ಸಮಾಧಾನ: ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಎಡಬ್ಲ್ಯೂಎಸ್ ಪರೀಕ್ಷೆಯಲ್ಲಿ 30 ನಿಮಿಷ ಹೆಚ್ಚು ಸಿಗುತ್ತದೆ. ಆದರೆ ದಿನಾಂಕ ಗೊತ್ತು ಮಾಡುವ ಮೊದಲೇ ಖಾತೆಯಲ್ಲಿ ಕೇಳಿಕೊಳ್ಳಬೇಕು. ನಮ್ಮ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಸಾಲದ ವಿಷಯಕ್ಕೆ ಬರೋಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೇ ಇಂಥ ಸೆಮಿನಾರ್‌ಗಳು ಶುರುವಾಗುವುದನ್ನು ನೋಡಿದ್ದೇವೆ. ದುಡ್ಡಿಲ್ಲ ಅಂದವರಿಗೆ ಅಲ್ಲೇ ಕೂರಿಸಿ ಮೊಬೈಲಿನಲ್ಲಿ ಸಾಲ ಮಾಡಿಸುತ್ತಾರೆ. "ಬಡ್ಡಿ ಇಲ್ಲ, ಬರೀ ಇಎಂಐ." ಯುವನಿಧಿ ಬರುತ್ತಲ್ಲ, ಅದರಲ್ಲೇ ಕಟ್ಟಿಬಿಡಿ ಅಂದದ್ದನ್ನೂ ಕೇಳಿದ್ದೇವೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ ಸಿಗುವ ಆ ಹಣದ ಮೇಲೂ ಕಣ್ಣು. ನೆನಪಿಡಿ, ಸಾಲ ಇರುವುದು ನಿಮ್ಮ ಮತ್ತು ಸಾಲದ ಕಂಪನಿಯ ನಡುವೆ. ನಾಳೆ ಸಂಸ್ಥೆ ಬಾಗಿಲು ಹಾಕಿದರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಕೆಡುತ್ತದೆ, ಮುಂದೆ ಟ್ರ್ಯಾಕ್ಟರ್ ಸಾಲಕ್ಕೂ ಅಡ್ಡಿ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಒಟ್ಟು ಖರ್ಚೆಲ್ಲಾ ಸೇರಿಸಿ ವರ್ಷದ ಬಡ್ಡಿ ದರ ಎಷ್ಟು ಅಂತ ಬರೆದ ವಿವರಪತ್ರವನ್ನು ಮೊದಲೇ ಕೊಡಬೇಕು. ಮನಸ್ಸು ಬದಲಾದರೆ ನಿಗದಿತ ದಿನಗಳೊಳಗೆ ದಂಡವಿಲ್ಲದೆ ಸಾಲ ವಾಪಸ್ ಮಾಡುವ ಅವಕಾಶವನ್ನೂ ಕೊಡಬೇಕು. ಆ ಕಾಗದ ಕೇಳಿ.

ಕೆಲಸ ಬದಲಾಯಿಸಬೇಕೆಂದಿರುವ ಮೂವತ್ತರ ಆಸುಪಾಸಿನವರಿಗೆ ಇನ್ನೊಂದು ಮಾತು. ಇರುವ ಕೆಲಸ ಬಿಟ್ಟು ಕಲಿಯಲು ಹೋಗಬೇಡಿ. ಮೊದಲು ಎರಡು ತಿಂಗಳು ರಾತ್ರಿ ಒಂದು ಗಂಟೆ ಉಚಿತ ಪಾಠ ಮಾಡಿ ನೋಡಿ. ಬೇಸರ ಬಂದರೆ 65,000 ಉಳಿಯಿತು. ನಮ್ಮೂರಿನ ಕೇಬಲ್ ಹುಡುಗ ದಿನಾ ಫೈಬರ್ ಎಳೆಯುತ್ತಾನೆ, ರೂಟರ್ ಕೂರಿಸುತ್ತಾನೆ. ಅವನಿಗೆ ಸಿಸಿಎನ್‌ಎ ಅಂದರೆ ಕೈ ಬಲ್ಲದ್ದನ್ನು ತಲೆಗೆ ಕಲಿಸುವುದು. ಸಿಎಸ್‌ಸಿ ಕೇಂದ್ರದಲ್ಲಿ ಕೂತು ಊರಿನವರ ಪ್ರಿಂಟರ್, ಪಾಸ್‌ವರ್ಡ್ ಸರಿ ಮಾಡುವ ಅಕ್ಕ ಈಗಾಗಲೇ ಅರ್ಧ ಹೆಲ್ಪ್‌ಡೆಸ್ಕ್. ಮಾಡುತ್ತಿರುವ ಕೆಲಸದ ಪಕ್ಕದ ಬಾಗಿಲು ಯಾವುದು ಅಂತ ಹುಡುಕಿ. ಫ್ಲೆಕ್ಸ್ ಮೇಲೆ ಈ ವರ್ಷ ಕ್ಲೌಡ್ ಇದೆ, ಎಐ ಇದೆ, ಸೈಬರ್ ಸೆಕ್ಯುರಿಟಿ ಇದೆ. ಅದನ್ನು ನೋಡಿ ಬದುಕು ತಿರುಗಿಸಬೇಡಿ. ಪಾಸಾದ ಮೇಲೂ ಮೊದಲು ಸಿಗುವುದು ಬಹುಪಾಲು ಬೆಂಗಳೂರಿನ ಸಪೋರ್ಟ್ ಕೆಲಸ, ರಾತ್ರಿ ಪಾಳಿ, ಪಿಜಿ ಬಾಡಿಗೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಿ.ಎಡ್. ಹುಡುಗ ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾನೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ರಾತ್ರಿ ಲಿನಕ್ಸ್ ಓದುತ್ತಿದ್ದಾನೆ. ಪರೀಕ್ಷೆಯ ಫೀಸಿಗೆ ನಮ್ಮ 1,200 ಸೇರಿಸಿಕೋ ಅಂದೆವು. "ಬ್ಯಾಡ್ರೀ ಸರ್, ಅದನ್ನ ಬರದುಬಿಡ್ರಿ" ಅಂದ.

ಬರೆದು ಪತ್ರಿಕೆಗೆ ಕಳಿಸಿದೆವು, ಅಚ್ಚಾಗಲಿಲ್ಲ. ಜಾಹೀರಾತುದಾರರ ಮನಸ್ಸು ನೋಯುತ್ತದಂತೆ. ಹಾಗಾಗಿ ಇಲ್ಲಿ ಹಾಕುತ್ತಿದ್ದೇವೆ. ಗ್ಯಾರಂಟಿ ಅನ್ನುವ ಪದ ಇರುವ ಕೋರ್ಸಿನ ಜಾಹೀರಾತನ್ನು ನಮ್ಮ ಬಳಗದವರು ಇನ್ನು ತರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಹಣ ಕಟ್ಟಿದ್ದರೆ ರಸೀದಿ, ಫಾರಂ, ಫ್ಲೆಕ್ಸ್‌ನ ಫೋಟೊ ಕಳಿಸಿ. ನಿಮ್ಮ ಹೆಸರು ಹಾಕುವುದಿಲ್ಲ.