ನಡಿಗೆಯ ದಿನ ಒಲೆ ಬೇಡ

ತಿಂಗಳಿಗೊಮ್ಮೆ ಒಡಗೂಡಿ ನಡೆದು ಸಹಪಂಕ್ತಿಯಲ್ಲಿ ಉಣ್ಣುವುದು ಸೊಗಸಾದ ಪರಿಪಾಠವೇ ಸರಿ. ಕಳೆದ ತಿಂಗಳು ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಬಳಿ ನಡೆದಾಗ, ಮಂಡಿನೋವಿನ ಹಿರಿಯರೊಬ್ಬರ ನಡೆಗೆ ಎಲ್ಲರೂ ಹೆಜ್ಜೆ ಹೊಂದಿಸಿದರು. ಆದರೆ ತಾಯಂದಿರು? ಅವರು ಬೆಳಗಿನಿಂದ ಒಲೆಯ ಮುಂದಿದ್ದರು. ಎರಡನೆಯ ಸಲ ಹುಗ್ಗಿ ಬಡಿಸಿಕೊಳ್ಳುವಾಗಲಷ್ಟೇ ನನಗಿದು ಹೊಳೆಯಿತೆಂಬುದು ನಾಚಿಕೆಯ ಮಾತು. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳಲ್ಲಿ ದಾಸೋಹವು ಇಬ್ಬರ ಕಾಯಕವಾಗಿತ್ತು. ದಾಸೋಹಕ್ಕೆ ಅಕ್ಕಿ ಆಯ್ದು ತರುತ್ತಿದ್ದವನು ಮಾರಯ್ಯನೇ. ಕೆಲವರು ನಡೆದು, ಕೆಲವರು ಬೇಯಿಸುತ್ತಲೇ ಉಳಿದರೆ ಅದನ್ನು ಸಹಭೋಜನವೆನ್ನಲು ಮನ ಒಪ್ಪದು. ಆ ದಿನ ಒಲೆ ಹಚ್ಚುವುದೇ ಬೇಡ. ಹಲವು ದಿನ ಕೆಡದ ಕಡಕ್ ರೊಟ್ಟಿ (ಅಂಗಡಿಯಲ್ಲೂ ದೊರೆಯುತ್ತದೆ), ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸಾಕು. ತಟ್ಟೆ ತೊಳೆಯುವ ಸೇವೆಗೆ ಮುಂದಿನ ತಿಂಗಳು ಮೊದಲ ಹೆಸರು ನನ್ನದಿರಲಿ.