ತೋಟದ ಮನೆಯ ಭಯ ಮತ್ತು ಪಿಸ್ತೂಲಿನ ಸೇಫ್ಟಿ

ಪಲ್ಲಡಂ ಸುತ್ತಲಿನ ತೋಟದ ಮನೆಗಳಲ್ಲಿ ಇಂದು ರಾತ್ರಿಯ ನಿದ್ರೆ ಹಗುರವಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಕಳ್ಳಕಿಣರಿನಲ್ಲಿ ಒಂದೇ ಕುಟುಂಬದ ನಾಲ್ವರ ಹತ್ಯೆಯಾಯಿತು. 2024ರ ನವೆಂಬರ್ ಕೊನೆಯಲ್ಲಿ ಸೇಮಲೈಗೌಂಡಂಪಾಳಯಂನ ತೋಟದ ಮನೆಯಲ್ಲಿ ದಂಪತಿ ಹಾಗೂ ಮಗ ಕೊಲೆಯಾದರು. 2025ರ ಮೇ ಆರಂಭದಲ್ಲಿ ಈರೋಡ್ ಜಿಲ್ಲೆಯ ಶಿವಗಿರಿಯ ಬಳಿ ವೃದ್ಧ ದಂಪತಿಯ ಹತ್ಯೆ ಬೆಳಕಿಗೆ ಬಂದಿತು. ಹೀಗಿರುವಾಗ ಮನೆಯಲ್ಲೊಂದು ಪಿಸ್ತೂಲಿದ್ದರೆ ಎಂಬ ಆಲೋಚನೆ ಮೂಡುವುದು ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು; ಆದರೆ ತೂಗಿ ನೋಡಬೇಕು.

ಕಾನೂನಿನ ದಾರಿ ಕಿರಿದು. 1959ರ ಆಯುಧ ಕಾಯ್ದೆಯಂತೆ ಪರವಾನಗಿ ಕಡ್ಡಾಯ. ವಯಸ್ಸು 21 ತುಂಬಿರಬೇಕು. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಭದ್ರ ಸಂಗ್ರಹವನ್ನೂ ಕೇಳುತ್ತವೆ. ಚುನಾವಣೆಯ ವೇಳೆ ಪರವಾನಗಿ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಬೆಲೆಯೂ ಕಡಿಮೆಯಲ್ಲ: 2014ರಲ್ಲಿ ಮಹಿಳೆಯರ ಆತ್ಮರಕ್ಷಣೆಗೆಂದು ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಲಕ್ಷ ರೂಪಾಯಿ ಮೀರಿತ್ತು. ವಿದ್ಯುತ್ ಮಗ್ಗದ ಕೂಲಿಗೆ ಅದು ನಿಲುಕದು.

ಹಾಗಾದರೂ ಕೊಂಡರೆನ್ನಿ. ಅನೇಕ ಪಿಸ್ತೂಲುಗಳ ಪಕ್ಕದಲ್ಲಿ ಹೆಬ್ಬೆರಳಿನಿಂದ ಸರಿಸುವ ಸಣ್ಣ ಕೀಲು ಇರುತ್ತದೆ, ಅದೇ ‘ಸೇಫ್ಟಿ’. ಅದನ್ನು ಹಾಕಿದ್ದರೆ ಟ್ರಿಗರ್ ಒತ್ತಿದರೂ ಗುಂಡು ಹಾರದು. ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಇಂಥ ಕೀಲು ಇರುವುದಿಲ್ಲ. ಟ್ರಿಗರಿನ ಬಿಗಿಯೇ ಅಲ್ಲಿ ತಡೆ. ಕೀಲು ಬೇಕೆನ್ನುವವರು, ಬಟ್ಟೆಗೋ ಬೆರಳಿಗೋ ಟ್ರಿಗರ್ ಸಿಕ್ಕಿ ಆಗುವ ಅನಾಹುತವನ್ನು ಅದು ತಪ್ಪಿಸುತ್ತದೆ ಎನ್ನುತ್ತಾರೆ. ಬೇಡವೆನ್ನುವವರು, ಕತ್ತಲಲ್ಲಿ, ಕೈ ನಡುಗುವಾಗ ಅದನ್ನು ಸರಿಸಲು ಮರೆತರೆ ಆಯುಧವಿದ್ದೂ ಇಲ್ಲದಂತೆ ಎನ್ನುತ್ತಾರೆ. ಎರಡೂ ನಿಜ. ನಿರಂತರ ಅಭ್ಯಾಸವಿಲ್ಲದವನಿಗೆ ಎರಡೂ ಅಪಾಯವೇ.

ಈ ವಾದದಲ್ಲಿ ಮಗುವಿನ ಮಾತು ಬರುವುದೇ ಇಲ್ಲ. ಸೇಫ್ಟಿ ಬೀಗವಲ್ಲ. ದೊಡ್ಡವರ ಹೆಬ್ಬೆರಳು ಸರಿಸುವುದನ್ನು ಕುತೂಹಲದ ಎಳೆಯ ಬೆರಳೂ ಸರಿಸಬಲ್ಲದು. ಮ್ಯಾಗಜೀನ್ ತೆಗೆದರೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಎಷ್ಟೋ ಮಾದರಿಗಳಲ್ಲಿ ಅದು ಹಾರಿಯೇ ಹಾರುತ್ತದೆ. ಆಯುಧವನ್ನು ಖಾಲಿ ಮಾಡಿ ಬೀಗ ಹಾಕಿ, ತೋಟಾಗಳನ್ನು ಬೇರೆಡೆ ಇಡುವುದೇ ಮಗುವಿಗೆ ರಕ್ಷಣೆ. ಆದರೆ ಹಾಗಿಟ್ಟ ಆಯುಧ ಮಧ್ಯರಾತ್ರಿ ಕೈಗೆ ಬೇಗನೆ ಸಿಗದು. ಈ ಇಕ್ಕಟ್ಟನ್ನು ಯಾವ ಕೀಲೂ ಬಿಡಿಸದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಅಲ್ಲಿ ಕೋವಿ ಕೈಲ್‌ಪೊಳ್ದ್‌ನಲ್ಲಿ ಪೂಜೆಗೊಳ್ಳುವ ಪರಂಪರೆಯ ವಸ್ತು. ಭಯದಿಂದ ಕೊಂಡ ಪಿಸ್ತೂಲಿಗೆ ಆ ಪರಂಪರೆಯ ಶಿಸ್ತು ತಾನಾಗಿ ಬಾರದು.

ಆದ್ದರಿಂದ ನಾವು ಮೊದಲು ಕೇಳಬೇಕಾದುದು ತೋಟದ ದಾರಿಗೆ ದೀಪ, ರಾತ್ರಿ ಗಸ್ತು, ಕ್ಯಾಮೆರಾ, ಒಂಟಿ ವೃದ್ಧರ ಮನೆಗಳ ಪಟ್ಟಿ. ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡೋಣ. ಮನೆಯಲ್ಲಿ ಆಯುಧವಿದ್ದರೆ ಮಕ್ಕಳಿಗೆ ತಾಯ್ನುಡಿಯಲ್ಲೇ ಹೇಳೋಣ: ಕಂಡರೆ ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ತಿಳಿಸು.