ನೌಕರನ ನಿದ್ರೆ ನಮ್ಮ ಸೊತ್ತಲ್ಲ

ಯುವಕನೊಬ್ಬ ಮಾತು ಕಡಿಮೆ ಮಾಡಿ, ಊಟ ಬಿಟ್ಟು, ರಾತ್ರಿಯಿಡೀ ಹೊರಳಾಡತೊಡಗಿದರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ತೀರ್ಪು ಒಂದೇ: 'ಇವನ ಈಮಾನ್ ದುರ್ಬಲವಾಗಿದೆ.' ಅವನು ದಿನಕ್ಕೆ ಎಷ್ಟು ತಾಸು ದುಡಿಯುತ್ತಾನೆಂದು ಯಾರೂ ಕೇಳುವುದಿಲ್ಲ.

ಈ ತೀರ್ಪನ್ನು ನಾವು ಒಪ್ಪಲಾರೆವು. ಪುತ್ರ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಯಾಕೂಬ್(ಅ)ರ ಕಣ್ಣುಗಳೇ ಮಂಜಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪ್ರವಾದಿಯೊಬ್ಬರ ದುಃಖವನ್ನು ಈಮಾನಿನ ಕೊರತೆಯೆನ್ನಲು ಯಾರಿಗೆ ಧೈರ್ಯವಿದೆ? ಖಿನ್ನತೆಯಂತೂ ರೋಗ, ರೋಗಕ್ಕೆ ಕಾರಣಗಳಿರುತ್ತವೆ. ದೀರ್ಘ ದುಡಿಮೆ, ಕೆಲಸದ ಮೇಲೆ ಹಿಡಿತವಿಲ್ಲದಿರುವುದು, ನಾಳೆ ಈ ಕೆಲಸ ಉಳಿದೀತೇ ಎಂಬ ಭಯ ಇವೆಲ್ಲ ಮನಸ್ಸಿನ ಆರೋಗ್ಯವನ್ನು ಕೆಡಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ದುಡಿದವರೆಲ್ಲರೂ ಖಿನ್ನರಾಗುವುದಿಲ್ಲ, ನಿಜ. ಆದರೆ ನಿದ್ರೆಯೂ ಮನೆಮಂದಿಯ ಒಡನಾಟವೂ ಕಳೆದುಹೋದಾಗ ಮನಸ್ಸು ಯಾವುದನ್ನು ಆಧರಿಸಿ ನಿಲ್ಲಬೇಕು?

ವಾರಕ್ಕೆ 70, 90 ತಾಸು ದುಡಿಯಿರೆಂದು ಉಪದೇಶಿಸಿದ ಉದ್ಯಮಿಗಳನ್ನು ನಾವು ಖಂಡಿಸಿದೆವು. 2024ರಲ್ಲಿ ನಮ್ಮ ರಾಜ್ಯದ ಐಟಿ ನೌಕರರಿಗೆ ದಿನಕ್ಕೆ 14 ತಾಸಿನ ದುಡಿಮೆಯ ಪ್ರಸ್ತಾಪ ಬಂದಾಗಲೂ ಆಕ್ಷೇಪಿಸಿದೆವು. ಆದರೆ ನಮ್ಮದೇ ಬಟ್ಟೆಯಂಗಡಿ, ಹೋಟೆಲುಗಳಲ್ಲಿ ನಡೆಯುತ್ತಿರುವುದೇನು? ಬೆಳಿಗ್ಗೆ 9ಕ್ಕೆ ಬಂದ ಹುಡುಗ ರಾತ್ರಿ 10ಕ್ಕೆ ಬಾಗಿಲು ಹಾಕುತ್ತಾನೆ. ಊಟ, ನಮಾಝಿನ ಒಂದು ತಾಸು ಕಳೆದರೂ ಆರು ದಿನಕ್ಕೆ 72 ತಾಸು! ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ವಿಧಿಸಿರುವ ಮಿತಿ ದಿನಕ್ಕೆ 9, ವಾರಕ್ಕೆ 48.

'ದುಡಿಮೆಯೂ ಇಬಾದತ್ ಅಲ್ಲವೇ?' ಎಂದು ಮಾಲಕರು ಕೇಳುತ್ತಾರೆ. ಹೌದು. ಆದರೆ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟ ಅಬ್ದುಲ್ಲಾ ಇಬ್ನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ತಡೆದರು. ಶರೀರಕ್ಕೂ ಪತ್ನಿಗೂ ಹಕ್ಕುಗಳಿವೆಯೆಂದು ನೆನಪಿಸಿದರು. ಅಲ್ಲಾಹನ ಆರಾಧನೆಗೇ ಮಿತಿಯಿರುವಾಗ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮಿತಿಯಿಲ್ಲವೇ?

ಉಪದೇಶ ಮಾಡುವ ನಾವೂ ತಪ್ಪಿತಸ್ಥರೇ. ನೌಕರರಿಗೆ ಸಬ್ರ್ ಬೋಧಿಸಿದಷ್ಟು ಮಾಲಕರಿಗೆ ಹಕ್ಕುಗಳನ್ನು ಬೋಧಿಸಲಿಲ್ಲ. ಮಸೀದಿಯ ಚಂದಾ ಅವರಿಂದಲೇ ಬರುತ್ತದಲ್ಲವೇ!

ಆದ್ದರಿಂದ ಮಾಲಕರು ಬಾಗಿಲು ಮುಚ್ಚುವ ಹೊತ್ತನ್ನೂ ವಾರದ ರಜೆಯನ್ನೂ ನಿಗದಿಪಡಿಸಲಿ. ಮನೆಯವರು ಬಳಲಿದವನನ್ನು ಬೈಯುವ ಬದಲು ವೈದ್ಯರ ಬಳಿಗೆ ಕರೆದೊಯ್ಯಲಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು. ದುಆ ಬಿಡಬೇಕೆಂದು ನಾವು ಹೇಳುತ್ತಿಲ್ಲ. ದುಆದೊಂದಿಗೆ ಚಿಕಿತ್ಸೆ ಪಡೆಯುವುದೂ ಪ್ರವಾದಿಚರ್ಯೆಯೇ.

ಮೊದಲ ಸಫ್‌ನಲ್ಲಿ ನಿಲ್ಲುವ ಮಾಲಕರೇ, ನಿಮ್ಮ ನೌಕರ ಇಂದು ಎಷ್ಟು ತಾಸು ನಿದ್ರಿಸಿದ? ಆ ಲೆಕ್ಕವನ್ನು ಇಲ್ಲಿಯೇ ಸರಿಪಡಿಸಿಕೊಳ್ಳಿ. ನಾಳೆ ಅದನ್ನು ಕೇಳುವವನು ಅಲ್ಲಾಹನು.